ಕೋಣನ ನೊಗದಿಂದ ಕಿರುಯಂತ್ರಕ್ಕೆ



ಉಡುಪಿಗೆ ವಾಯವ್ಯದಲ್ಲಿ, ಸುವರ್ಣಾ ನದಿಯು ಸಮುದ್ರವನ್ನು ಸೇರುವುದಕ್ಕೆ ಸ್ವಲ್ಪ ಮೊದಲು, ಕೆಮ್ಮಣ್ಣು ಎಂಬ ಊರಿದೆ. ಕೆಂಪು ಮತ್ತು ಮಣ್ಣು ಎಂಬ ಎರಡು ಮಾತುಗಳು ಕೂಡಿ ಈ ಹೆಸರಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಂದ ಮುಂದೆ ಕೋಡಿ ಬೆಂಗ್ರೆಯ ಸಮೀಪದಲ್ಲಿ ಸುವರ್ಣೆಯೂ ಸೀತೆಯೂ ಒಂದಾಗಿ ಕಡಲಿಗೆ ಇಳಿಯುತ್ತವೆ. ನದಿಯ ನಡುವೆ ಕುದ್ರುಗಳೆಂಬ ನಡುಗಡ್ಡೆಗಳಿವೆ. ಅವುಗಳಲ್ಲೊಂದಾದ ತಿಮ್ಮಣ್ಣ ಕುದ್ರುವಿಗೆ ಜನರು ನಡೆದು ದಾಟುವ ತೂಗುಸೇತುವೆಯುಂಟು. ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ನಾವಾದರೋ ಇಂದು ಸೇತುವೆಯನ್ನು ಬಿಟ್ಟು, ಅದಕ್ಕೆ ಹೋಗುವ ದಾರಿಯ ಎರಡು ಮಗ್ಗುಲಲ್ಲಿರುವ ಗದ್ದೆಗಳನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ.

ಆ ಗದ್ದೆಗಳಲ್ಲಿ ಮುಂಗಾರಿನ ಮೊದಲ ವಾರಗಳಲ್ಲಿ ಇಂದು ಕೇಳಿಬರುವ ಸದ್ದು ಕೋಣಗಳನ್ನು ಅಟ್ಟುವವನ ಕೂಗಲ್ಲ, ಟಿಲ್ಲರಿನ ಗುಡುಗು. ಎರಡು ಗಾಲಿಯ ಟಿಲ್ಲರು, ಹದಿನೈದು ಇಪ್ಪತ್ತು ಅಶ್ವಶಕ್ತಿಯ ಕಿರು ಟ್ರ್ಯಾಕ್ಟರು, ಹೆಗಲಿಗೆ ತೂಗುಹಾಕಿಕೊಳ್ಳುವ ಹುಲ್ಲು ಕತ್ತರಿಸುವ ಯಂತ್ರ, ಇವು ಇಂದಿನ ಕರಾವಳಿಯ ಬೇಸಾಯದ ನಿತ್ಯ ಸಂಗಾತಿಗಳು. ಇವು ಎಲ್ಲಿಂದ ಬಂದವು, ಏಕೆ ಇಷ್ಟು ಚಿಕ್ಕದಾಗಿ ಬಂದವು, ಇವುಗಳಿಂದ ಪೂರ್ಣ ಪ್ರಯೋಜನ ಪಡೆಯುವುದು ಹೇಗೆ, ಮತ್ತು ಪಡೆಯುವಾಗ ಕೈಕಾಲುಗಳನ್ನು ಉಳಿಸಿಕೊಳ್ಳುವುದು ಹೇಗೆ, ಇದು ಇಂದಿನ ವಿಷಯ. ಚರಿತ್ರೆಯ ಭಾಷಣದಲ್ಲಿ ಎಚ್ಚರಿಕೆಯ ಮಾತುಗಳಿಗೇನು ಕೆಲಸವೆಂದು ಕೆಲವರು ಕೇಳಬಹುದು. ಯಂತ್ರದಲ್ಲಿರುವ ಒಂದೊಂದು ರಕ್ಷಣೆಯ ಹಿಂದೆಯೂ ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿಯದವನು ಆ ರಕ್ಷಣೆಯನ್ನು ಬೇಡದ ತಗಡೆಂದು ಬಿಚ್ಚಿ ಎಸೆಯುತ್ತಾನೆ. ಇದೇ ನಮ್ಮ ಉತ್ತರ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ತುಳುನಾಡಿನ ಒಕ್ಕಲಿಗನು ತನ್ನ ಭತ್ತದ ಭೂಮಿಯನ್ನು ಬಹುಕಾಲದಿಂದ ಮೂರು ತರವಾಗಿ ವಿಂಗಡಿಸುತ್ತ ಬಂದಿದ್ದಾನೆ. ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯ ನೀರನ್ನೇ ನಂಬಿ ಎತ್ತರದಲ್ಲಿರುವುದು ಬೆಟ್ಟು. ಮಳೆಗಾಲದ ಏಣೆಲು ಮೂರರಲ್ಲೂ ಬೆಳೆಯುತ್ತದೆ. ಸುಗ್ಗಿಯ ಬೆಳೆಗೆ ಮಜಲು ಮತ್ತು ಬೈಲು ಬೇಕು. ಕೊಳಕೆ ಎಂಬ ಮೂರನೆಯ ಬೆಳೆಗೆ ಒಳ್ಳೆಯ ಬೈಲೇ ಆಗಬೇಕು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1801ರಲ್ಲಿ ಕಾರ್ಕಳ, ಹಿರಿಯಡ್ಕ, ಉಡುಪಿ, ಬ್ರಹ್ಮಾವರಗಳ ಮಾರ್ಗವಾಗಿ ಸಂಚರಿಸಿದಾಗ ಈ ವಿಂಗಡಣೆಯನ್ನು ಗುರುತಿಸಿ ಬರೆದಿಟ್ಟನು. ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನೂ ಇವನೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಗುಡ್ಡದ ಮೇಲೆ ಮುರಕಲ್ಲು, ತಗ್ಗಿನಲ್ಲಿ ಮೊಣಕಾಲುದ್ದದ ಕೆಸರು. ಗದ್ದೆಗಳು ಚಿಕ್ಕವು, ಅಂಚುಗಳು ವಕ್ರವಾದವು, ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿನಂತೆ ಇಳಿಜಾರು. ಬಯಲುಸೀಮೆಯ ದೊಡ್ಡ ಯಂತ್ರವೊಂದನ್ನು ತಂದು ಇಲ್ಲಿ ನಿಲ್ಲಿಸಿದರೆ ಅದು ತಿರುಗುವುದಕ್ಕೇ ಅರ್ಧ ಗದ್ದೆ ಬೇಕಾಗುತ್ತದೆ.

ಇಂತಹ ನೆಲಕ್ಕೆ ಕೋಣವು ಹೇಳಿಮಾಡಿಸಿದ ಪ್ರಾಣಿಯಾಗಿತ್ತು. ಕಂಬಳವನ್ನು ನೋಡಿದವರಿಗೆ ಅಲ್ಲಿನ ಓಟದ ವಿಭಾಗಗಳ ಹೆಸರು ಗೊತ್ತಿರಬಹುದು: ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ. ಇವುಗಳಲ್ಲಿ ನೇಗಿಲೂ ಹಲಗೆಯೂ ಗದ್ದೆಯ ಕೆಲಸದ ಉಪಕರಣಗಳೇ. ಒಂದು ಉಳುವುದಕ್ಕೆ, ಇನ್ನೊಂದು ಕೆಸರನ್ನು ಸಮಮಾಡುವುದಕ್ಕೆ. ಹಬ್ಬದ ದಿನ ಓಡಿದ ಕೋಣಗಳ ಕುಲವೇ ಬೇಸಾಯದ ದಿನಗಳಲ್ಲಿ ನೊಗವನ್ನು ಹೊರುತ್ತಿತ್ತು.

ಆ ಉಳುಮೆಯು ನಿಧಾನವಾಗಿತ್ತು, ನಿಜ. ಆದರೆ ಅದರಲ್ಲಿ ಒಂದು ಗುಣವಿತ್ತು. ಗುಳವು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಕೋಣವು ತಾನಾಗಿ ನಿಲ್ಲುತ್ತಿತ್ತು. ಹೊಂಡ ಬಂದರೆ ಹಿಂಜರಿಯುತ್ತಿತ್ತು. ಮೇಣಿ ಹಿಡಿದವನು ಬಿದ್ದರೆ ಎಳೆಯುವುದನ್ನು ಬಿಡುತ್ತಿತ್ತು. ದಣಿದಾಗ ದಣಿದೆನೆಂದು ತೋರಿಸುತ್ತಿತ್ತು. ಆಗ ಮನುಷ್ಯನೂ ವಿಶ್ರಮಿಸುತ್ತಿದ್ದನು. ಅಂದರೆ ಉಳುಮೆಗೆ ಬೇಕಾದ ಎಚ್ಚರದಲ್ಲಿ ಅರ್ಧಭಾಗವು ಪ್ರಾಣಿಯ ಮೈಯಲ್ಲೇ ಇದ್ದಿತು. ಯಂತ್ರಕ್ಕೆ ಭಯವಿಲ್ಲ, ದಣಿವಿಲ್ಲ, ಕಣ್ಣಿಲ್ಲ. ನೊಗವು ಹೋಗಿ ಎಂಜಿನು ಬಂದ ದಿನ ಆ ಅರ್ಧ ಎಚ್ಚರವು ಗದ್ದೆಯಿಂದ ಮರೆಯಾಯಿತು. ಅದನ್ನು ಮತ್ತೆ ತುಂಬಿಕೊಡುವ ಪ್ರಯತ್ನವೇ ಕಿರುಯಂತ್ರಗಳ ಚರಿತ್ರೆಯಲ್ಲಿ ಮುಖ್ಯವಾದ ಭಾಗವೆಂದು ನಾವು ಭಾವಿಸುತ್ತೇವೆ.

ಈ ಚರಿತ್ರೆಯು ನಮ್ಮ ನಾಡಿನಿಂದ ದೂರದಲ್ಲಿ ಮೊದಲಾಯಿತು. ಅಮೆರಿಕದ ಅಯೋವಾ ಪ್ರಾಂತ್ಯದಲ್ಲಿ ಜಾನ್ ಫ್ರೋಲಿಕ್ ಎಂಬುವನು 1892ರಲ್ಲಿ ಪೆಟ್ರೋಲಿನಿಂದ ಮುಂದಕ್ಕೂ ಹಿಂದಕ್ಕೂ ನಡೆಯುವ ಟ್ರ್ಯಾಕ್ಟರನ್ನು ಮಾಡಿದನು. 1917ರಲ್ಲಿ ಹೆನ್ರಿ ಫೋರ್ಡನ ಫೋರ್ಡ್‌ಸನ್ ಟ್ರ್ಯಾಕ್ಟರು ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದು, ಸಾಧಾರಣ ರೈತನ ಕೈಗೆಟಕುವ ಬೆಲೆಯಲ್ಲಿ ದೊರೆಯಿತು. ಅದರೊಡನೆ ಹೊಸದೊಂದು ಮರಣವೂ ಬಂದಿತು. ಹಿಂದೆ ಎಳೆದುಕೊಂಡು ಹೋಗುತ್ತಿದ್ದ ನೇಗಿಲು ನೆಲದೊಳಗಿನ ಬಂಡೆಗೆ ಸಿಕ್ಕಿಕೊಂಡಾಗ ಟ್ರ್ಯಾಕ್ಟರು ಕೋಣನಂತೆ ನಿಲ್ಲಲಿಲ್ಲ. ಹಿಂದಿನ ಗಾಲಿಗಳು ತಡೆಯಲ್ಪಟ್ಟರೂ ಎಂಜಿನು ತಿರುಗುತ್ತಲೇ ಇದ್ದು, ಮುಂಭಾಗವು ಮೇಲಕ್ಕೆದ್ದು, ಇಡೀ ಯಂತ್ರವು ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು.

ಇದನ್ನು ಮನಸ್ಸಿಗೆ ಹಚ್ಚಿಕೊಂಡವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅದೇ 1917ರಲ್ಲಿ ಟ್ರ್ಯಾಕ್ಟರುಗಳ ಕಾರ್ಯಕ್ಷಮತೆಯನ್ನು ಹೆಚ್ಚಿಸುವ ಕೆಲಸವು ಅಲ್ಲಿನ ಕೃಷಿ ಮಂಡಲಿಯಿಂದ ಅವನಿಗೆ ಬಂದಿತು. ನೇಗಿಲನ್ನು ಸರಪಣಿಯಿಂದ ಎಳೆಯುವುದಕ್ಕೆ ಬದಲಾಗಿ, ಮೂರು ಕಡೆಗಳಲ್ಲಿ ತೋಳುಗಳಿಂದ ಟ್ರ್ಯಾಕ್ಟರಿಗೇ ಜೋಡಿಸಿದರೆ, ನೇಗಿಲು ತಡೆಯಲ್ಪಟ್ಟಾಗ ಮೇಲಿನ ತೋಳು ಮುಂದಕ್ಕೆ ಒತ್ತಿ ಮುಂಗಾಲಿಗಳನ್ನು ನೆಲಕ್ಕೆ ಅದುಮುತ್ತದೆಂದು ಅವನು ಕಂಡುಕೊಂಡನು. 1939ರಲ್ಲಿ ಫೋರ್ಡನ ಹೊಸ ಟ್ರ್ಯಾಕ್ಟರಿನೊಡನೆ ಈ ಜೋಡಣೆಯು ಲೋಕಪ್ರಸಿದ್ಧವಾಯಿತು. ಇಂದಿನ ಕಿರು ಟ್ರ್ಯಾಕ್ಟರುಗಳ ಹಿಂದೆ ಕಾಣುವ ಮೂರು ತೋಳುಗಳು ಇವೇ. ಶ್ರೋತೃಗಳು ಒಂದು ಅಂಶವನ್ನು ಗಮನಿಸಬೇಕು. ಚಾಲಕನ ಪ್ರಾಣವನ್ನು ಉಳಿಸಿದ ಉಪಾಯವೇ ಉಳುಮೆಯನ್ನೂ ಉತ್ತಮಗೊಳಿಸಿತು. ಹಗುರವಾದ ಟ್ರ್ಯಾಕ್ಟರು ಭಾರವಾದ ಟ್ರ್ಯಾಕ್ಟರಿನ ಕೆಲಸವನ್ನು ಮಾಡಲು ಸಾಧ್ಯವಾಯಿತು. ಕ್ಷೇಮವು ಬೇರೆ, ಕಾರ್ಯಸಾಧನೆಯು ಬೇರೆ ಎಂದು ತಿಳಿಯುವುದು ತಪ್ಪೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇನ್ನು ಟಿಲ್ಲರಿನ ಕೊಚ್ಚುವ ಹಲ್ಲುಗಳ ವಿಚಾರ. ಆಸ್ಟ್ರೇಲಿಯದ ಗಿಲ್ಗಾಂಡ್ರ ಎಂಬಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ತರುಣನು 1912ರಲ್ಲಿ ತನ್ನ ತಂದೆಯ ಹೊಲದಲ್ಲಿ ಒಂದು ಪರೀಕ್ಷೆ ಮಾಡಿದನು. ಮಣ್ಣನ್ನು ಗುಳದಿಂದ ಸೀಳುವುದಕ್ಕೆ ಬದಲಾಗಿ ತಿರುಗುವ ಅಲಗುಗಳಿಂದ ಕೊಚ್ಚಿದರೆ ಹೇಗೆ? ಅಲಗನ್ನು ತುದಿಯಲ್ಲಿ ಲಂಬಕೋನವಾಗಿ ಬಗ್ಗಿಸಿದಾಗ ಮಣ್ಣು ಪಕ್ಕಕ್ಕೆ ಚಿಮ್ಮದೆ ಇದ್ದಲ್ಲೇ ಪುಡಿಯಾಯಿತು. 1920ರಲ್ಲಿ ಅವನಿಗೆ ಅದರ ಹಕ್ಕುಪತ್ರ ದೊರೆಯಿತು. ನಮ್ಮ ಟಿಲ್ಲರುಗಳಲ್ಲೂ ಕಿರು ಟ್ರ್ಯಾಕ್ಟರುಗಳ ರೋಟವೇಟರುಗಳಲ್ಲೂ ಇರುವುದು ಈ ತತ್ತ್ವವೇ.

ಈ ತತ್ತ್ವಕ್ಕೆ ಎರಡು ಗಾಲಿಗಳ, ಹಿಂದೆ ನಡೆದು ನಡೆಸುವ ರೂಪವನ್ನು ಕೊಟ್ಟು ಭತ್ತದ ಗದ್ದೆಗೆ ಹೊಂದಿಸಿದವರಲ್ಲಿ ಜಪಾನಿನವರು ಮುಖ್ಯರು. 1946ರ ಭೂಸುಧಾರಣೆಯಿಂದ ಅಲ್ಲಿ ಗೇಣಿದಾರರು ಒಡೆಯರಾದರು. ತುಂಡು ಭೂಮಿಯ ಒಡೆಯನಿಗೆ ತುಂಡು ಯಂತ್ರವೇ ಬೇಕಾಯಿತು. 1950ರ ದಶಕದಲ್ಲಿ ಆ ದೇಶದ ಗದ್ದೆಗಳಲ್ಲಿ ಟಿಲ್ಲರುಗಳು ಹಬ್ಬಿದವು. ನಮ್ಮಲ್ಲಿಯೂ ಚರಿತ್ರೆಯು ಹೆಚ್ಚುಕಡಮೆ ಇದೇ ದಾರಿಯನ್ನು ಹಿಡಿಯಿತು. ಮೂಲಗೇಣಿ, ಚಾಲಗೇಣಿಗಳ ನಾಡಾಗಿದ್ದ ದಕ್ಷಿಣ ಕನ್ನಡದಲ್ಲಿ, 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವವನನ್ನೇ ನೆಲದ ಒಡೆಯನನ್ನಾಗಿ ಮಾಡಿತು. ಆ ವೇಳೆಗೆ ಯಂತ್ರವೂ ಸಿದ್ಧವಾಗಿತ್ತು. ಬೆಂಗಳೂರಿನ ವಿ. ಎಸ್. ಟಿ. ಸಂಸ್ಥೆಯು 1967ರಲ್ಲಿ ಮಿತ್ಸುಬಿಷಿಯ ಸಹಕಾರದಿಂದ ಟಿಲ್ಲರುಗಳ ಉದ್ಯಮವನ್ನು ಆರಂಭಿಸಿತ್ತು. ಕೇರಳದ ಅತ್ತಾಣಿಯಲ್ಲಿ ಆ ಸರ್ಕಾರದ ಕಾಮ್ಕೊ ಸಂಸ್ಥೆಯು 1973ರಲ್ಲಿ ಸ್ಥಾಪಿತವಾಗಿ ಕುಬೋಟ ಮಾದರಿಯ ಟಿಲ್ಲರುಗಳನ್ನು ತಯಾರಿಸಿತು. ಚಿಕ್ಕ ಹಿಡುವಳಿ, ಚಿಕ್ಕ ಯಂತ್ರ: ಇವೆರಡೂ ಒಂದೇ ಕಾಲದ ಮಕ್ಕಳು.

ಇದಾದ ಮೇಲೆ ಇನ್ನೊಂದು ಕಾರಣವು ಸೇರಿಕೊಂಡಿತು. ಕೆಮ್ಮಣ್ಣಿನಂತಹ ಊರುಗಳ ತರುಣರು ಮುಂಬಯಿಗೆ ಹೋದರು, ಕೊಲ್ಲಿ ರಾಷ್ಟ್ರಗಳಿಗೆ ಹೋದರು, ಹೋಟೆಲುಗಳನ್ನೂ ಬ್ಯಾಂಕುಗಳನ್ನೂ ಸೇರಿದರು. ಮನೆಗೆ ಹಣ ಬಂದಿತು. ಹಟ್ಟಿಯಿಂದ ಕೋಣಗಳು ಹೋದವು. ನೇಜಿ ನೆಡುವ ಕೈಗಳು ಕಡಮೆಯಾದವು. ಗದ್ದೆಗಳು ಹಡಿಲು ಬಿದ್ದು ಹುಲ್ಲು ಪೊದೆಗಳು ಬೆಳೆದವು. ರಾಜ್ಯ ಸರ್ಕಾರವು 2014ರ ಸುಮಾರಿನಲ್ಲಿ ಕೃಷಿ ಯಂತ್ರಧಾರೆ ಎಂಬ ಹೆಸರಿನಿಂದ ಬಾಡಿಗೆಯ ಯಂತ್ರಕೇಂದ್ರಗಳನ್ನು ತೆರೆಯಿತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನವು ನಡೆಯಿತು. ಯಂತ್ರಗಳಿಲ್ಲದೆ ಇಂತಹ ಪ್ರಯತ್ನವನ್ನು ಇಂದು ಊಹಿಸಲಾಗದು. ಆದಕಾರಣ ನಾವು ಯಂತ್ರದ ನಿಂದಕರಲ್ಲ. ಅದು ಬಾರದಿದ್ದರೆ ಕೆಸರಿನ ಗದ್ದೆಯಲ್ಲಿ ಇಂದು ಪೈರೇ ಇರುತ್ತಿರಲಿಲ್ಲ.

ಆದರೆ ಯಂತ್ರವು ಬಂದಂತೆ ಯಂತ್ರದ ಅನುಭವವು ಬರಲಿಲ್ಲ. ಕೋಣವನ್ನು ಹೂಡುವುದನ್ನು ಮಗನು ತಂದೆಯಿಂದ ಹತ್ತು ವರ್ಷ ನೋಡಿ ಕಲಿಯುತ್ತಿದ್ದನು. ಟಿಲ್ಲರನ್ನು ಒಂದು ಮಧ್ಯಾಹ್ನದಲ್ಲಿ ಕಲಿತು ಮರುದಿನ ಗದ್ದೆಗಿಳಿಸುವವರುಂಟು. ಹತ್ತು ವರ್ಷದ ಕಲಿಕೆಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಲಾಗುವುದಿಲ್ಲ. ಮುಖ್ಯವಾದ ಕೆಲವು ಸಂಗತಿಗಳನ್ನಾದರೂ ಕಾರಣ ಸಹಿತವಾಗಿ ತಿಳಿಯಬಹುದು. ಅವುಗಳನ್ನು ಈಗ ಹೇಳುತ್ತೇವೆ.

ಟಿಲ್ಲರಿನ ಮೊದಲ ಅಪಾಯವು ಅದನ್ನು ಚಾಲೂಮಾಡುವಾಗಲೇ ಇದೆ. ಕೈಹಿಡಿಯಿಂದ ತಿರುಗಿಸುವ ಎಂಜಿನು ಕೆಲವೊಮ್ಮೆ ಹಿಂದಕ್ಕೆ ಒದೆಯುತ್ತದೆ. ಹಿಡಿಯನ್ನು ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇರಿಸಬೇಕು. ಆಗ ಒದೆ ಬಿದ್ದರೂ ಹಿಡಿಯು ಕೈಯಿಂದ ಜಾರಿಹೋಗುತ್ತದೆ, ಮಣಿಕಟ್ಟು ಉಳಿಯುತ್ತದೆ. ಎರಡನೆಯದು, ಹಿಂದಕ್ಕೆ ಸರಿಸುವ ಹೊತ್ತು. ಕೊಚ್ಚುವ ಹಲ್ಲುಗಳು ಚಾಲಕನ ಕಾಲುಗಳಿಗೂ ಗಾಲಿಗಳಿಗೂ ನಡುವೆ ಇವೆ. ಅಂಚಿನ ಬಳಿಯಲ್ಲೋ ತೆಂಗಿನ ಮರದ ಬುಡದಲ್ಲೋ ಯಂತ್ರವನ್ನು ಹಿಂದಕ್ಕೆ ತಂದಾಗ ಕೆಸರಿನಲ್ಲಿ ಕಾಲು ಹೂತು ಬಿದ್ದವನ ಮೇಲೆ ಅದು ಹತ್ತಿಬರುತ್ತದೆ. ಹಿಂದಕ್ಕೆ ಸರಿಸುವ ಮುನ್ನ ಹಲ್ಲುಗಳ ಚಲನೆಯನ್ನು ನಿಲ್ಲಿಸಲೇಬೇಕು. ಇದಕ್ಕೆ ವಿನಾಯಿತಿಯಿಲ್ಲ.

ಮೂರನೆಯದು ಎಷ್ಟೋ ಮಂದಿ ಅನುಭವಿಗಳನ್ನೂ ಮೋಸಗೊಳಿಸುವಂಥದು. ಸಮನೆಲದಲ್ಲಿ ಎಡಗೈಯ ಕ್ಲಚ್ಚನ್ನು ಒತ್ತಿದರೆ ಎಡಗಾಲಿಗೆ ಶಕ್ತಿ ತಪ್ಪಿ ಟಿಲ್ಲರು ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಇದು ವಿಪರೀತವಾಗುತ್ತದೆ. ಅಲ್ಲಿ ಎಂಜಿನು ಗಾಲಿಗಳನ್ನು ತಡೆದು ಹಿಡಿದಿರುತ್ತದೆ. ಎಡದ ಕ್ಲಚ್ಚನ್ನು ಒತ್ತಿದರೆ ಎಡಗಾಲಿಗೆ ಆ ತಡೆಯು ತಪ್ಪಿ, ಅದು ವೇಗವಾಗಿ ಉರುಳಿ, ಯಂತ್ರವು ಬಲಕ್ಕೆ ತಿರುಗುತ್ತದೆ. ನದಿಯ ದಡದ ಇಳಿಜಾರಿನ ದಾರಿಯಲ್ಲಿ ಇದರ ಅರ್ಥವೇನೆಂಬುದನ್ನು ಶ್ರೋತೃಗಳೇ ಊಹಿಸಬಹುದು. ಇಳಿಯುವಾಗ ಕ್ಲಚ್ಚುಗಳನ್ನು ಮುಟ್ಟದೆ, ಕಡಮೆಯ ಗೇರಿನಲ್ಲಿ, ಹಿಡಿಗಳನ್ನೇ ತಳ್ಳಿ ದಿಕ್ಕನ್ನು ತಿದ್ದಬೇಕು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಅಂಚನ್ನು ದಾಟುವಾಗ ಹಲ್ಲುಗಳನ್ನು ನಿಲ್ಲಿಸಿ, ಗಟ್ಟಿಯಾದ ಹಲಗೆಗಳನ್ನು ಹಾಸಿ, ಓರೆಯಾಗಿ ಹೋಗದೆ ನೇರವಾಗಿ ದಾಟಬೇಕು.

ಪ್ರಯೋಜನದ ದೃಷ್ಟಿಯಿಂದಲೂ ಒಂದು ಮಾತು. ಶಕ್ತಿಯಿದೆಯೆಂದು ಗದ್ದೆಯನ್ನು ಆಳಕ್ಕೆ ಕೊಚ್ಚುವುದು ಜಾಣತನವಲ್ಲ. ಭತ್ತದ ಗದ್ದೆಯ ಅಡಿಯಲ್ಲಿ ತಲೆತಲಾಂತರದ ಉಳುಮೆಯಿಂದ ಒಂದು ಗಟ್ಟಿ ಪದರವಾಗಿರುತ್ತದೆ. ನೀರನ್ನು ಹಿಡಿದು ನಿಲ್ಲಿಸುವುದು ಅದೇ. ಹತ್ತು ಹನ್ನೆರಡು ಸೆಂಟಿಮೀಟರಿನಷ್ಟು ಕೆಸರು ಮಾಡಿದರೆ ಸಾಕು. ಆ ಪದರವನ್ನು ಒಡೆದರೆ ನೀರೂ ಇಂಗಿಹೋಗುತ್ತದೆ, ಯಂತ್ರವೂ ಹೂತುಹೋಗುತ್ತದೆ. ಯಂತ್ರದಿಂದ ನಾಟಿ ಮಾಡುವವರು ಕೆಸರು ತಂಗುವುದಕ್ಕೆ ಒಂದೆರಡು ದಿನ ಬಿಡಬೇಕು. ಇಲ್ಲವಾದರೆ ನೇಜಿಯು ನೆಟ್ಟಲ್ಲಿ ನಿಲ್ಲದು.

ಕಿರು ಟ್ರ್ಯಾಕ್ಟರು ಚಿಕ್ಕದೆಂಬ ಕಾರಣದಿಂದ ಸಾಧುವಾದುದೆಂದು ತಿಳಿಯಬಾರದು. ಹಿಂದಕ್ಕೆ ಮಗುಚಲು ಆರಂಭಿಸಿದ ಟ್ರ್ಯಾಕ್ಟರು ಒಂದು ಸೆಕೆಂಡಿಗಿಂತ ಕಡಮೆ ಕಾಲದಲ್ಲಿ ಹಿಂತಿರುಗಲಾಗದ ಸ್ಥಿತಿಯನ್ನು ಮುಟ್ಟಿಬಿಡಬಹುದು. ಮನುಷ್ಯನು ಅಪಾಯವನ್ನು ಅರಿತು ಕಾಲನ್ನು ಕ್ಲಚ್ಚಿಗೆ ಒಯ್ಯುವುದಕ್ಕೆ ಅಷ್ಟೇ ಕಾಲ ಬೇಕು. ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿನ ಹಿಂಗಾಲಿಗಳಿಗೆ ಮರದ ತುಂಡನ್ನು ಅಡ್ಡಲಾಗಿ ಕಟ್ಟಿ ಮುಂದಕ್ಕೆ ನುಗ್ಗಿಸುವುದು ನಮ್ಮ ಕಡೆ ಕಾಣುವ ಅಭ್ಯಾಸ. ಇದರಿಂದ ಗಾಲಿಗಳು ನಿಂತು ಗಾಡಿಯೇ ಅವುಗಳ ಸುತ್ತ ತಿರುಗುತ್ತದೆ; ಫೋರ್ಡ್‌ಸನ್ನಿನ ಹಳೆಯ ಮರಣವು ಮರಳಿ ಬರುತ್ತದೆ. ಹೂತಾಗ ಹಿಂದಕ್ಕೆ ತೆಗೆಯಲು ನೋಡಬೇಕು, ಇಲ್ಲವೆ ಇನ್ನೊಂದು ಯಂತ್ರದಿಂದ ಎಳೆಸಬೇಕು. ಹಗ್ಗವನ್ನು ಎಂದಿಗೂ ಅಚ್ಚಿನ ಕೆಳಗಿನ ಎಳೆಯುವ ಪಟ್ಟಿಗೇ ಬಿಗಿಯಬೇಕು, ಮೇಲಕ್ಕಲ್ಲ.

ಚಾಲಕನ ಹಿಂದೆ ಕಮಾನಿನಂತೆ ನಿಲ್ಲುವ ಉಕ್ಕಿನ ಚೌಕಟ್ಟೊಂದುಂಟು. ಯಂತ್ರವು ಮಗುಚಿದರೂ ಚಾಲಕನಿಗೆ ಉಸಿರಾಡುವಷ್ಟು ಸ್ಥಳವನ್ನು ಅದು ಉಳಿಸುತ್ತದೆ. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಅತ್ಯಲ್ಪವಾಯಿತು. ನಮ್ಮ ದೇಶದ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಈ ಚೌಕಟ್ಟು ಇಲ್ಲ. ಕೊಳ್ಳುವವನು ಕೇಳಿ ಪಡೆಯಬೇಕು. ಚೌಕಟ್ಟು ನಿಂತಿರುವಾಗ ಸೊಂಟದ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಅದನ್ನು ಮಡಿಸಿರುವಾಗ ಕಟ್ಟಿಕೊಳ್ಳಬಾರದು. ಇನ್ನು, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಪ್ರೀತಿ. ಕೋಣನ ಬೆನ್ನಿನಿಂದ ಬಿದ್ದ ಮಗು ಕೆಸರಿನಲ್ಲಿ ಬೀಳುತ್ತಿತ್ತು. ಮಡ್‌ಗಾರ್ಡಿನಿಂದ ಬಿದ್ದ ಮಗು ಗಾಲಿಯ ಕೆಳಗೆ ಬೀಳುತ್ತದೆ. ಒಬ್ಬ ಚಾಲಕ, ಒಂದು ಆಸನ: ಇದನ್ನು ಮೀರಬಾರದು.

ಟ್ರ್ಯಾಕ್ಟರಿನ ಹಿಂದೆ ಇತರ ಉಪಕರಣಗಳಿಗೆ ಶಕ್ತಿಯನ್ನು ಕೊಡುವ ಒಂದು ತಿರುಗುವ ದಂಡವಿದೆ. ಅದರ ವೇಗವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಅಂದರೆ ಸೆಕೆಂಡಿಗೆ ಒಂಬತ್ತು. ದಂಡದ ಸುತ್ತಳತೆ ಒಂದು ಗೇಣಿದೆಯೆಂದಿಟ್ಟುಕೊಂಡರೆ ಒಂದು ಸೆಕೆಂಡಿಗೆ ಒಂಬತ್ತು ಗೇಣು, ಅಂದರೆ ನಾಲ್ಕೂವರೆ ಮೊಳ ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ನಮ್ಮ ಮುಂಡಿನ ಉದ್ದವೇ ಸುಮಾರು ನಾಲ್ಕು ಮೊಳ. ‘ಅಯ್ಯೋ’ ಎನ್ನುವುದರೊಳಗಾಗಿ ಮುಂಡು ಮುಗಿದು ಮೈಯ ಸರದಿ ಬರುತ್ತದೆ. ಹೆಗಲ ಮೇಲಿನ ಬೈರಾಸು, ಹೆಂಗಸರ ಸೆರಗು, ಸಡಿಲವಾದ ತೋಳು, ಇವೆಲ್ಲಕ್ಕೂ ಇದೇ ಲೆಕ್ಕ. ಆ ದಂಡದ ಮೇಲಿನ ಕೊಳವೆಯಂತಹ ಕವಚವನ್ನು ತೆಗೆಯಬಾರದು; ಉಪಕರಣದಲ್ಲಿ ಹುಲ್ಲು ಸಿಕ್ಕಿಕೊಂಡರೆ ಎಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ಕಿಸೆಯಲ್ಲಿಟ್ಟುಕೊಂಡು ಅನಂತರ ಕೈಯಿಡಬೇಕು. ಉತ್ತರ ಭಾರತದ ಗೋಧಿಯ ಸೀಮೆಗಳಲ್ಲಿ ಒಕ್ಕಣೆಯ ಯಂತ್ರಗಳಿಗೆ ಕೈಕೊಟ್ಟವರು ಹೆಚ್ಚಿದ ಮೇಲೆ, ನಮ್ಮ ಪಾರ್ಲಿಮೆಂಟು 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣಕ್ಕಾಗಿ ಒಂದು ಶಾಸನವನ್ನೇ ಮಾಡಬೇಕಾಯಿತು.

ಇಷ್ಟು ಹೊತ್ತು ಬೈಲಿನಲ್ಲಿದ್ದೆವು. ಇನ್ನು ಗುಡ್ಡವನ್ನು ಹತ್ತೋಣ. ಏಕೆಂದರೆ ನಮ್ಮ ಶ್ರೋತೃಗಳಲ್ಲಿ ಹಲವರಿಗೆ ಗದ್ದೆಗಿಂತ ಮನೆಯ ಮುಂದಿನ ಹುಲ್ಲುಹಾಸೇ ಹತ್ತಿರವಾದುದು. ಕೆಮ್ಮಣ್ಣಿನಿಂದ ಕೆಲವೇ ಮೈಲಿಗಳಾಚೆಗಿರುವ ಮಣಿಪಾಲವು ಮಣ್ಣಪಳ್ಳವೆಂಬ ಕೆರೆಯಿಂದ ಹೆಸರು ಪಡೆದುದು. 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಗುವವರೆಗೆ ಬೋಳಾದ ಮುರಕಲ್ಲ ಗುಡ್ಡವಾಗಿತ್ತು. ಇಂದು ಅಲ್ಲಿ ಉದ್ಯಾನಗಳೂ ಹುಲ್ಲುಹಾಸುಗಳೂ ಇವೆ. ಹುಲ್ಲುಹಾಸಿನ ಯಂತ್ರಕ್ಕೂ ಚರಿತ್ರೆಯಿದೆ. ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬುವನು, ಉಣ್ಣೆಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ, ಅದೇ ರೀತಿಯಲ್ಲಿ ಹುಲ್ಲನ್ನು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಹಕ್ಕುಪತ್ರ ಪಡೆದನು. ಅದು ಕೈಯಿಂದ ತಳ್ಳುವ, ನಿಧಾನವಾದ ಯಂತ್ರ. ತಳ್ಳುವುದನ್ನು ಬಿಟ್ಟರೆ ನಿಂತುಬಿಡುತ್ತಿತ್ತು. ಎಂಜಿನು ಕೂಡಿದ ಮೇಲೆ ಈ ಗುಣವು ಮತ್ತೆ ಕಳೆದುಹೋಯಿತು. ಕೈಬಿಟ್ಟ ಮೂರು ಸೆಕೆಂಡುಗಳೊಳಗೆ ಅಲಗು ನಿಲ್ಲಲೇಬೇಕೆಂಬ ನಿಯಮವು ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದಿತು. ಹಿಡಿಯ ಮೇಲಿನ ಆ ಸಲಾಕೆಯನ್ನು ತಂತಿಯಿಂದ ಬಿಗಿದು ಕಟ್ಟಿಬಿಡುವವರು, ನೂರೈವತ್ತು ವರ್ಷಗಳಲ್ಲಿ ಮನುಷ್ಯನು ಪಡೆದ ಬುದ್ಧಿಯನ್ನು ಒಂದು ಗಂಟಿನಿಂದ ಕಳೆದುಕೊಳ್ಳುತ್ತಾರೆ.

ಕರಾವಳಿಯ ತೋಟಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವುದು ಹೆಗಲಿನಿಂದ ತೂಗುವ ಹುಲ್ಲುಕತ್ತರಿ. ಮುರಕಲ್ಲ ಚೂರುಗಳು ತುಂಬಿದ ನೆಲದಲ್ಲಿ ಇದು ಕವಣೆಯಂತೆ ಕಲ್ಲನ್ನು ಬೀರುತ್ತದೆ. ಹದಿನೈದು ಮೀಟರಿನೊಳಗೆ ಯಾರೂ ಇರಬಾರದು. ಚಾಲಕನಿಗೆ ಕನ್ನಡಕ, ಗಟ್ಟಿ ಪಾದರಕ್ಷೆ, ಕಿವಿಗೆ ಮುಚ್ಚಳ ಬೇಕು. ಉಕ್ಕಿನ ಅಲಗನ್ನು ಗಡಿಯಾರದ ಮುಖವೆಂದು ಭಾವಿಸಿದರೆ, 12ರಿಂದ 3ರವರೆಗಿನ ಭಾಗವು ಗಟ್ಟಿಯಾದ ವಸ್ತುವಿಗೆ ತಗುಲಿದಾಗ ಯಂತ್ರವು ಥಟ್ಟನೆ ಪಕ್ಕಕ್ಕೆ ಒದೆಯುತ್ತದೆ. ಆದುದರಿಂದ ಎಡಭಾಗದಿಂದಲೇ ಕತ್ತರಿಸಬೇಕು. ಬಿಸಿಯಾದ ಎಂಜಿನಿಗೆ ಪೆಟ್ರೋಲು ಸುರಿಯಬಾರದು. ಮಳೆಗಾಲದ ಕೆಸರಿನಲ್ಲಿ ಆದ ಗಾಯವನ್ನು, ಅದೆಷ್ಟೇ ಚಿಕ್ಕದಾಗಿರಲಿ, ಅಲಕ್ಷ್ಯಮಾಡಬಾರದು. ಇಲಿಜ್ವರವು ಈ ಸೀಮೆಗೆ ಹೊಸದಲ್ಲ. ಇಂತಹ ಗಾಯಗಳ ಮೂಲಕ ಅದು ಒಳಹೊಗಬಹುದು. ತೊಳೆದು, ಮುಚ್ಚಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ, ಜ್ವರ ಬಂದರೆ ಗದ್ದೆಯಲ್ಲಿ ಕೆಲಸ ಮಾಡಿದುದನ್ನು ವೈದ್ಯರಿಗೆ ಹೇಳಬೇಕು.

ಕೊನೆಯದಾಗಿ, ಯಂತ್ರವನ್ನು ನಡೆಸುವವರಿಗಿಂತ ನಡೆಸಿಸುವವರಿಗೆ ಒಂದು ಮಾತು. ನಮ್ಮಲ್ಲಿ ಅನೇಕರು ಪಟ್ಟಣದಲ್ಲಿ ವಾಸಿಸುತ್ತ ಊರಿನಲ್ಲಿ ಗದ್ದೆಯನ್ನೋ ತೋಟವನ್ನೋ ಇರಿಸಿಕೊಂಡವರು. ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರಿಸುತ್ತೇವೆ. ಗಂಟೆ ಓಡುತ್ತಿರುವಾಗ ಚಾಲಕನು ಬೆಲ್ಟಿನ ಕವಚವನ್ನು ಸರಿಪಡಿಸಲು ನಿಂತರೆ ನಮಗೆ ಬೇಸರ; ಹಲ್ಲಿಗೆ ಸುತ್ತಿದ ಬಳ್ಳಿಯನ್ನು ಎಂಜಿನು ನಿಲ್ಲಿಸಿ ಬಿಡಿಸಿದರೆ ಅವನು ಕಾಲಹರಣ ಮಾಡುತ್ತಾನೆಂದು ಸಂಶಯ. ಮಳೆಯ ಅವಸರವೂ ಸೇರಿತೆಂದರೆ ಅವನು ನಿಲ್ಲಿಸದೆಯೇ ಕೈಹಾಕುತ್ತಾನೆ. ಆ ಕೈ ಹೋದರೆ ಅದನ್ನು ಕೊಂಡವರು ನಾವೇ. ಉಳಿಸಿದ್ದು ಐದು ನಿಮಿಷದ ಬಾಡಿಗೆ. ಹಿಂದೆ ಕೋಣವು ನಿಂತಾಗ ಗದ್ದೆಯ ಒಡೆಯನು ಕಾದುಕೊಂಡಿರುತ್ತಿದ್ದನು. ಪ್ರಾಣಿಯು ದಣಿದಿದೆ ಎಂದು ಹೇಳಿ ಅದಕ್ಕೆ ನೀರು ಕುಡಿಸುತ್ತಿದ್ದನು. ಯಂತ್ರವನ್ನು ನಡೆಸುವ ಮನುಷ್ಯನಿಗೆ ನಾವು ಅಷ್ಟನ್ನಾದರೂ ಮಾಡಬೇಡವೆ? ಮುಂದಿನ ಮುಂಗಾರಿನಲ್ಲಿ ಗದ್ದೆಯ ಅಂಚಿನಲ್ಲಿ ನಿಂತಾಗ, ‘ನಿಲ್ಲಿಸಿಯೇ ಸರಿಮಾಡು, ಆ ಹೊತ್ತಿನ ಬಾಡಿಗೆಯೂ ನಮ್ಮದೇ’ ಎಂದು ಮೊದಲೇ ಹೇಳಿಬಿಡಬೇಕೆಂಬುದು ನಮ್ಮ ಪ್ರಾರ್ಥನೆ.